ಮೂರು ಗೆರಿ

ಹುಬ್ಬಳ್ಳಿ ದವಾಖಾನಿ, ನೆಲಮಾಳಿಗಿ, ರೆಕಾರ್ಡ್ ರೂಮು.
ಹತ್ತೊಂಬತ್ತು ವರ್ಷ ಆತು, ಇದೇ ಖುರ್ಚಿ.
ಹೆಸರು, ಊರು, ವಯಸ್ಸು, ಮಕ್ಕಳೆಷ್ಟು,
ಕಡೀ ಕಾಲಮ್ಮಿನ್ಯಾಗ ಗೆರಿ.

ಒಂದು ಅಂದ್ರ ಈಗಷ್ಟ ಮೊಳಕಿ.
ಎರಡು, ಬೇರು ಬಿಟ್ಟೈತಿ.
ಮೂರು ಅಂದ್ರ ಡಾಕ್ಟರು ಕನ್ನಡಕ ತಗದು ಒರಸಿಕೋತಾರ.
ನಾಕಕ್ಕ ಒಂದ ಗೆರಿ,
ಬಾಜೂಕ ಒಂದು ತೆಗ್ಗು.

ನನ್ನ ಪೆನ್ನಿಗೆ ಮೂರರ ರೂಢಿ.
ರೋಣ, ಮುಂಡರಗಿ, ಸವಣೂರ, ಕುಂದಗೋಳ,
ಯಾವ ಬಸ್ಸಿಗೆ ಬಂದ್ರೂ ಇಳಿಯೋ ಸ್ಟಾಪ್ ಅದ.
ಒಂದಿನ ಹಳೇ ರಜಿಸ್ಟರ್ ತಗದೆ, ಧೂಳ ಝಾಡಿಸಿ
ಈಗಿಂದಕ್ಕ ಜೋಡಿಸಿ ನೋಡಿದೆ.
ಹೊಸಾ ಮಷೀನು ಬಂದಾವು, ಲಿಫ್ಟ್ ಬಂದೈತಿ,
ಗೆರಿ ಮಾತ್ರ ಹಂಗ ಅದಾವು.
ಹಣಿ ಮ್ಯಾಲಿನ ವಿಭೂತಿಗೂ ಮೂರ ಗೆರಿ,
ಅವು ಮಲಕ್ಕೊಂಡಿರತಾವು.
ಇವು ನಿಂತಿರತಾವು.

ಗಜೇಂದ್ರಗಡದ ಕಡೆಯಾಕಿ, ಫಕೀರವ್ವ ಸೊಬರದ.
ಮುಟ್ಟು ನಿಂತು ಆರು ವರ್ಷಕ್ಕ ಮತ್ತ ಕಂಡಾಗ
ನೆಗೆಣ್ಣಿ ಮುಂದ ನಕ್ಕಿದ್ದಳಂತ:
"ಹರೇ ತಿರುಗಿ ಬಂತವ್ವಾ ನನಗ!"
ಅದರಕಿಂತ ಮೊದಲ ಎರಡು ವರ್ಷ ಬಿಳಿಸೆರಗು.
ಯಾರಿಟ್ಟರೋ ಈ ಹೆಸರು.
ಸೆರಗು ಅಂದಮ್ಯಾಲ ಮುಚ್ಚಿಕೊಳ್ಳೂದ ಅಲ್ಲೇನು,
ಮುಚ್ಚಿಕೊಂಡಳು.
ಟೊಂಕದ ನೋವಿಗೆ ಹರಳೆಣ್ಣಿ ತಿಕ್ಕಿಕೊಂಡಳು.
ನಾ ಗೆರಿ ಎಳಿಯೂ ಮುಂದ ಬಗ್ಗಿ ನೋಡಿ
"ಅದೇನ ಬರದ್ರಿ ಬಾಯಾರ?"
ನಂಬರು, ಅಂದೆ.
"ಪಾಳಿ ನಂಬರ?"
ಹೌದು, ಅಂದೆ.

ಮಾಘದಾಗ ಬ್ಯಾಡಗಿಗೆ ಶಿಬಿರ.
ಬರಿಯಾಕ ಮಂದಿ ಕಡಿಮಿ ಅಂತ ನನ್ನೂ ವ್ಯಾನಿಗೆ ಹತ್ತಿಸಿದರು.
ಕಣ್ಣು ಕುಕ್ಕೂ ಕೆಂಪು. ಸೀನಿನ ಮ್ಯಾಲ ಸೀನು.
ಮೆಣಸಿನಕಾಯಿ ತುಂಬು ಬಿಡಸೋ ಹೆಂಗಸರು ತಲಿ ಎತ್ತಲಿಲ್ಲ.
"ನಮಗೇನಾಗೇತ್ರಿ? ಗುಂಡಕಲ್ಲಿನಂಗ ಅದೀವಿ."
"ಏನೂ ಆಗದವರಿಗೇ ಇದು" ಅಂದಳು ಸಿಸ್ಟರ್ ಸುಮಂಗಲಾ,
"ಆದಮ್ಯಾಲ ಈ ಬಾಯಾರ ಕಡೆ ಬರತೀರಿ."
ಎಲ್ಲಾರೂ ನನ್ನ ನೋಡಿದರು,
ಹಗಲಿನ್ಯಾಗ ಗೂಗಿ ಕಂಡಂಗ.

ವಿನೆಗರ್. ಗೋಬಿ ಗಾಡಿಯಾಗ ಇರತೈತಲ್ಲ, ಅದರ ತಮ್ಮ.
ಅರಳಿ ಅದ್ದಿ ಗರ್ಭಕೋಶದ ಬಾಯಿಗೆ ಹಚ್ಚೂದು,
ಒಂದು ನಿಮಿಷ ಕಾಯೂದು.
ಬೆಳ್ಳಗಾತಂದ್ರ ಅಲ್ಲೇನೋ ಐತಿ.
ಪರದೆ ಆಚೆ ಮೊದಲು ಹೋದಾಕಿ ಮಾಬೂಬಿ.
"ಒಂದು ನಿಮಿಷ ಅಂದ್ರ ನಲವತ್ತು ಕಾಯಿ ನನಗ"
ಅಂತ ಮಲಕ್ಕೊಂಡಲ್ಲೇ ಎಣಿಸಾಕ ಹತ್ತಿದಳು.
ಇಪ್ಪತ್ತು.
ಮೂವತ್ತು.
ಮೂವತ್ತೆಂಟಕ್ಕ ಸಿಸ್ಟರ್ ಮಾತು ನಿಂತಿತು.
ಬ್ಯಾಡಗಿ ತುಂಬ ಕೆಂಪು,
ಅಲ್ಲೊಂದು ಜ್ವಾಳದ ಕಾಳಿನಷ್ಟು ಬಿಳುಪು.

ಡಾಕ್ಟರು ಬಂದು, ತಿಳಿಸಿ ಹೇಳಿ, ಅಲ್ಲೇ ಸುಟ್ಟರು.
ನನ್ನ ಚಹಾ ಆರೂದರಾಗ ಮುಗದಿತ್ತು.
ನೋವಾತೇನು ಅಂದ್ರ,
"ಖಾರದ ಕೈಲೆ ಕಣ್ಣು ತಿಕ್ಕೊಂಡಿಲ್ಲೇನ ನೀವು?"
ಬಾಗಲತನಾ ಹೋಗಿ ತಿರುಗಿ ನಿಂತಳು:
"ಅರ್ಧಾ ದಿನದ ಪಗಾರ ಯಾರ ಕೊಡ್ತೀರಿ?"
ಯಾರೂ ಏನೂ ಅನಲಿಲ್ಲ.

ನಾ ರಜಿಸ್ಟರ್ ತಗದಿದ್ದೆ. ರೂಢಿ.
ಕಡೀ ಕಾಲಮ್ಮಿಗೆ ಬಂದು ಪೆನ್ನು ನಿಂತಿತು.
"ಇದಕ್ಕ ಗೆರೀನ ಇಲ್ಲ" ಅಂದರು ಡಾಕ್ಟರು,
"ರೋಗ ಆಗೂದರ ಮುಂಚಿಂದಿದು."
ಅಂದ್ರ ಈಕಿ ನನ್ನ ರಜಿಸ್ಟರಿಗೆ ಬರೂದ ಇಲ್ಲ.
ಹೊಡದು ಹಾಕಿದೆ ಹೆಸರು.
ಎಷ್ಟು ಸಾವಿರ ಬರದೇನೋ,
ಹೊಡದು ಹಾಕಿ ನಕ್ಕದ್ದು ಇದೊಂದ.

ವಾಪಸ್ ಬರೂ ಮುಂದ ವ್ಯಾನಿನ್ಯಾಗ
ಸುಮಂಗಲಾ ಕೇಳಿದಳು, "ನಿಮ್ಮದಾಗೇತೇನ್ರಿ?"
ಪೆನ್ನಿನ ಟೊಪ್ಪಿಗಿ ಹುಡಕಾಕ ಹತ್ತಿದೆ.
ಬಂಕಾಪುರ ದಾಟಿತು, ಶಿಗ್ಗಾವಿ ದಾಟಿತು,
ಬೆರಳಿನ್ಯಾಗ ಇನ್ನೂ ಖಾರ.
ಗಬ್ಬೂರ ಕ್ರಾಸಿಗೆ ಬಂದಾಗ
ಇಲ್ಲ, ಅಂದೆ.